ಪುರುಷರ ಸ್ತನ ಕ್ಯಾನ್ಸರ್: ಪೂರಕ ಚಿಕಿತ್ಸೆಗಳನ್ನು ಬಳಸುವ ಕ್ರಮ

ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಗಂಡಸರ ಪಾಲು ಶೇ. 1ರ ಆಸುಪಾಸಿನಷ್ಟೇ. ಹೀಗಾಗಿ ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಕೋಲಾರದ ಆಸ್ಪತ್ರೆಯಲ್ಲೋ ಚಿಕಿತ್ಸೆ ಪಡೆದು ಊರಿಗೆ ಮರಳಿದ ಮೇಲೆ, ಕಾಯಿಲೆಯ ಹೆಸರು ಹೇಳಲು ಸಂಕೋಚಪಟ್ಟು, ಯಾರಿಗೂ ತಿಳಿಸದೆ ನಾಟಿ ಔಷಧಿ, ಚೂರ್ಣ, ಕಷಾಯಗಳನ್ನು ಸೇವಿಸತೊಡಗುವುದುಂಟು. ಈ ಗುಟ್ಟೇ ಎಲ್ಲಕ್ಕಿಂತ ಅಪಾಯಕಾರಿ.

ಆದುದರಿಂದ ಮೊದಲು ಮಾಡಬೇಕಾದದ್ದು, ಸೇವಿಸುತ್ತಿರುವ ಪ್ರತಿಯೊಂದು ಪುಡಿ, ಎಣ್ಣೆ, ಮಾತ್ರೆಯನ್ನೂ ಅದರ ಡಬ್ಬಿ ಅಥವಾ ಪೊಟ್ಟಣದ ಸಮೇತ ಕ್ಯಾನ್ಸರ್ ವೈದ್ಯರಿಗೆ ತೋರಿಸುವುದು. ಯೋಗ, ನಾಟಿ ಔಷಧಿಯಂಥ ಪೂರಕ ಚಿಕಿತ್ಸೆ ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ನಡೆಯಬೇಕು. ಆಸ್ಪತ್ರೆಯ ಚಿಕಿತ್ಸೆಯನ್ನು ಕೈಬಿಟ್ಟು ಬೇರೆ ಪದ್ಧತಿಗಳನ್ನಷ್ಟೇ ನಂಬಿದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯ 5 ಪಟ್ಟಿಗೂ ಹೆಚ್ಚಿತ್ತೆಂದು 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ‘ಇಂಗ್ಲಿಷ್ ಮಾತ್ರೆ ನಿಲ್ಲಿಸಿದರೆ ಮಾತ್ರ ನಮ್ಮ ಔಷಧಿ ಹಿಡಿಯುತ್ತದೆ’ ಎನ್ನುವವರ ಮನೆಯಿಂದ ಹಾಗೆಯೇ ಎದ್ದು ಬರುವುದು ಲೇಸು.

ಗಂಡಸರ ಸ್ತನ ಕ್ಯಾನ್ಸರ್ ಹೆಚ್ಚಿನಂಶ ಈಸ್ಟ್ರೋಜನ್ ಹಾರ್ಮೋನಿನ ಬಲದಿಂದ ಬೆಳೆಯುವಂಥದ್ದು; ಅದಕ್ಕಾಗಿ ಆ ಹಾರ್ಮೋನಿನ ಪ್ರಭಾವವನ್ನು ತಡೆಯುವ ಟಮಾಕ್ಸಿಫೆನ್ ಮಾತ್ರೆಯನ್ನು ಸಾಮಾನ್ಯವಾಗಿ 5 ವರ್ಷ ಕೊಡುತ್ತಾರೆ. ಈ ಮಾತ್ರೆಯಿಂದ ಮೈ ಬಿಸಿಯೇರಿ ಬೆವರುವುದು, ಬೇಸರ, ಲೈಂಗಿಕ ಆಸಕ್ತಿ ಕುಗ್ಗುವುದು ಸಾಧ್ಯ. ಕೊನೆಯದನ್ನು ವೈದ್ಯರ ಮುಂದೆ ಹೇಳಲಾರದೆ ಸಂತೆಯಲ್ಲೋ ಬಸ್ ನಿಲ್ದಾಣದ ಬಳಿಯೋ ಸಿಗುವ ‘ಶಕ್ತಿವರ್ಧಕ’ ಪುಡಿಗೆ ಕೈಹಾಕಬಾರದು. ಅಂಥ ಪುಡಿಗಳಲ್ಲಿ ಹೇಳದೆ ಬೆರೆಸಿದ ಸ್ಟೆರಾಯ್ಡ್ ಇರಬಹುದು. ಟೆಸ್ಟೋಸ್ಟೆರೋನ್ ಬೆರೆತಿದ್ದರಂತೂ ಅದು ದೇಹದಲ್ಲಿ ಈಸ್ಟ್ರೋಜನ್ ಆಗಿ ಮಾರ್ಪಟ್ಟು ಗೆಡ್ಡೆಗೆ ಪೋಷಣೆಯಾದೀತು. ಅಶ್ವಗಂಧ, ಅಮೃತಬಳ್ಳಿಗಳಿಂದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಸಾರಿಗೆ ಹಾಕುವ ಅರಿಶಿನಕ್ಕೆ ಹೆದರಬೇಕಿಲ್ಲ. ಆದರೆ ಅರಿಶಿನದ ಸತ್ವದ ಕ್ಯಾಪ್ಸೂಲು, ವಿಶೇಷವಾಗಿ ಕರಿಮೆಣಸಿನ ಪೈಪರಿನ್ ಸೇರಿದ್ದು, ಟಮಾಕ್ಸಿಫೆನ್‌ನ ಸಕ್ರಿಯ ರೂಪವನ್ನು ರಕ್ತದಲ್ಲಿ ತಗ್ಗಿಸುತ್ತದೆಂದು 2019ರಲ್ಲಿ ಪ್ರಕಟವಾದ ಡಚ್ ಅಧ್ಯಯನ ಕಂಡುಕೊಂಡಿದೆ.

ನೆರವಾಗುವಂಥವೂ ಇವೆ. ಯೋಗ, ಪ್ರಾಣಾಯಾಮ, ಧ್ಯಾನಗಳು ಆತಂಕ ಮತ್ತು ಆಯಾಸವನ್ನು ಇಳಿಸುತ್ತವೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಆ ಅಧ್ಯಯನಗಳಲ್ಲಿದ್ದವರು ಬಹುಪಾಲು ಹೆಂಗಸರೇ ಎಂಬುದು ನಿಜ. ಹಾಗೆಂದು ಗಂಡಸರು ದೂರ ಉಳಿಯಲು ಕಾರಣವಿಲ್ಲ. ಶಸ್ತ್ರಚಿಕಿತ್ಸೆಯ ಗಾಯ ಮಾಗುವವರೆಗೆ ಕೈಮೇಲೆ ಭಾರ ಹಾಕುವ ಆಸನಗಳನ್ನು ಬಿಡಬೇಕು. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಬದಿಯ ಕೈಗೆ ಬಿಸಿ ಎಣ್ಣೆಯ ಬಲವಾದ ಮಾಲೀಸು ಸಲ್ಲದು. ಕೈ ಊದಿಕೊಂಡರೆ ಅದಕ್ಕೆಂದೇ ತರಬೇತಿ ಪಡೆದ ಫಿಸಿಯೋಥೆರಪಿಸ್ಟರ ಬಳಿ ಹೋಗಬೇಕು. ಟಮಾಕ್ಸಿಫೆನ್ ಸೇವಿಸುವವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ, ಒಂದೇ ಕಾಲಿನ ಮೀನಖಂಡ ಊದಿ ನೋಯತೊಡಗಿದಾಗ ಎಣ್ಣೆ ತಿಕ್ಕದೆ ತಕ್ಷಣ ವೈದ್ಯರನ್ನು ಕಾಣಬೇಕು.

ಕಟ್ಟುನಿಟ್ಟಿನ ಪಥ್ಯವನ್ನು ಹೇಳುವವರು ಬಹಳ. ಆದರೆ ಕಿಮೊ (ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧಿಗಳ ಚಿಕಿತ್ಸೆ) ನಡೆಯುವಾಗ ದೇಹಕ್ಕೆ ಪ್ರೋಟೀನ್ ಬೇಕು. ಮುದ್ದೆಯೊಂದಿಗೆ ಬಸ್ಸಾರು, ಅವರೆಕಾಳು, ಚೆನ್ನಾಗಿ ಬೇಯಿಸಿದ ಮೊಟ್ಟೆ, ಹಾಲು ಇವನ್ನು ಬಿಡಬಾರದು. ಕಿಮೊ ಅವಧಿಯಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕಷಾಯ ಕಾಯಿಸುತ್ತಾ ಕೂರದೆ, ರಾತ್ರಿಯಾಗಿದ್ದರೂ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಬೇಕು.