ನನ್ನ ಡಾರ್ಟ್‌ಗೆ ಕಿಕ್‌ಡೌನ್ ಕೇಬಲ್ ಹಾಕಿದ ಅನುಭವ

ನಾನಿರುವುದು ಮಿಷಿಗನ್‌ನಲ್ಲಿ. ನನ್ನ ಹತ್ತಿರ 1967ರ ಡಾಡ್ಜ್ ಡಾರ್ಟ್ ಇದೆ. ಊರಲ್ಲಿ ಅಪ್ಪ ಫಾರ್ಗೋ ಲಾರಿ ಓಡಿಸುತ್ತಿದ್ದರು. ಫಾರ್ಗೋ, ಡಾಡ್ಜ್ ಎರಡೂ ಕ್ರೈಸ್ಲರ್ ಮನೆಯವೇ. ಅದಕ್ಕೇ ಇರಬೇಕು, ಫೋರ್ಡ್ ಮಸ್ಟಾಂಗ್ ನೋಡೋಕೆ ಹೋದವನು ಡಾರ್ಟ್ ಕೊಂಡು ಬಂದೆ.

ಎಂಜಿನ್ 273 ಕ್ಯೂಬಿಕ್ ಇಂಚಿನ ವಿ8. ಗೇರ್‌ಬಾಕ್ಸ್ ಟಾರ್ಕ್‌ಫ್ಲೈಟ್ 904, ಮೂರು ಗೇರಿನ ಆಟೊಮ್ಯಾಟಿಕ್. ಹಿಂದಿನ ಮಾಲೀಕರು ಎರಡು ಬ್ಯಾರಲ್‌ನ (ಗಾಳಿ ಹಾಯುವ ಕೊಳವೆ) ಕಾರ್ಬ್ಯುರೇಟರ್ ತೆಗೆದು, ಹೊಸ ಮ್ಯಾನಿಫೋಲ್ಡ್ ಮೇಲೆ ನಾಲ್ಕು ಬ್ಯಾರಲ್‌ನ ಎಡೆಲ್‌ಬ್ರಾಕ್ ಕೂರಿಸಿದ್ದರು. ಕಾರ್ಬ್ಯುರೇಟರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಹಳೇ ಕಿಕ್‌ಡೌನ್ ರಾಡ್ ಅದಕ್ಕೆ ಹೊಂದಲಿಲ್ಲ. ಬಿಚ್ಚಿ ಡಿಕ್ಕಿಯಲ್ಲಿ ಹಾಕಿಟ್ಟಿದ್ದರು. "ಅದಿಲ್ಲದಿದ್ರೆ ಓವರ್‌ಟೇಕ್ ಮಾಡುವಾಗ ಗೇರ್ ಕೆಳಗೆ ಇಳಿಯಲ್ಲ, ಅಷ್ಟೇ" ಅಂದರು. ನಂಬಿದೆ. ಒಂದು ಬೇಸಿಗೆ ಪೂರ್ತಿ ಹಾಗೇ ಓಡಿಸಿದೆ.

ಎಷ್ಟೇ ಒತ್ತಿ ಓಡಿಸಿದರೂ ಗಂಟೆಗೆ 20 ಮೈಲಿ ಸುಮಾರಿಗೇ ಮೂರನೇ ಗೇರ್ ಬಿದ್ದುಬಿಡುತ್ತಿತ್ತು. ಆಮೇಲೆ ಏರು ಹತ್ತುವಾಗ ಎರಡರಿಂದ ಮೂರಕ್ಕೆ ಹೋಗುವ ಹೊತ್ತಿಗೆ ಎಂಜಿನ್ ಸುಮ್ನೆ ಕೂಗತೊಡಗಿತು, ಗಾಡಿ ಮಾತ್ರ ಎಳೆಯುತ್ತಿರಲಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದೆ. ಕೆಂಪಗಿರಬೇಕಾದ ಎಣ್ಣೆ ಕಂದು ಬಣ್ಣಕ್ಕೆ ತಿರುಗಿತ್ತು, ಸುಟ್ಟ ವಾಸನೆ ಬೇರೆ. ಗೇರ್‌ಬಾಕ್ಸ್ ಬಿಚ್ಚಿಸಿದಾಗ ಮುಂದಿನ ಕ್ಲಚ್ ಕರಿಯಾಗಿತ್ತು. 904ರಲ್ಲಿ ಮೂರನೇ ಗೇರನ್ನೂ ರಿವರ್ಸನ್ನೂ ಹಿಡಿಯುವುದು ಅದೇ ಕ್ಲಚ್.

ಕಾರಣ ಗೊತ್ತಾದಾಗ ತುಂಬಾ ಬೇಜಾರಾಯಿತು. ಟಾರ್ಕ್‌ಫ್ಲೈಟ್‌ನಲ್ಲಿ ಆ ರಾಡ್ ಹೆಸರಿಗಷ್ಟೇ ಕಿಕ್‌ಡೌನ್ ರಾಡ್. ನಾವು ಎಕ್ಸಿಲರೇಟರ್ ಎಷ್ಟು ತುಳಿದಿದ್ದೇವೆ ಅಂತ ಗೇರ್‌ಬಾಕ್ಸ್‌ಗೆ ಹೇಳುವುದು ಅದೊಂದೇ. ಅದನ್ನು ನೋಡಿಕೊಂಡೇ ಒಳಗೆ ಎಣ್ಣೆಯ ಒತ್ತಡ ಏರುತ್ತದೆ. ರಾಡ್ ಇಲ್ಲದಿದ್ದರೆ ನೀವು ಪೂರ್ತಿ ತುಳಿದರೂ ಗೇರ್‌ಬಾಕ್ಸ್ ಮಾತ್ರ ಕಾಲು ತೆಗೆದಿದ್ದೀರಿ ಅಂತಲೇ ತಿಳಿಯುತ್ತದೆ. ಒತ್ತಡ ಸಾಲದೆ ಕ್ಲಚ್ ಜಾರುತ್ತದೆ, ಸುಡುತ್ತದೆ.

ಎಲ್ಲ ಗಾಡಿಯಲ್ಲೂ ಹೀಗಿಲ್ಲ. ಹಳೇ ಮಸ್ಟಾಂಗ್‌ನ ಸಿ4, ಷೆವ್ರೊಲೆಯ ಟರ್ಬೊ 350 ಈ ಗೇರ್‌ಬಾಕ್ಸ್‌ಗಳಲ್ಲಿ ಒತ್ತಡ ನೋಡಿಕೊಳ್ಳುವುದಕ್ಕೆ, ಎಂಜಿನ್ ಗಾಳಿ ಎಳೆಯುವ ಸೆಳೆತದಿಂದ ನಡೆಯುವ ವ್ಯಾಕ್ಯೂಮ್ ಮಾಡ್ಯುಲೇಟರ್ ಬೇರೆಯೇ ಇದೆ. ಅಲ್ಲಿ ರಾಡೋ ಕೇಬಲ್ಲೋ ಇಲ್ಲದಿದ್ದರೆ ನಿಜಕ್ಕೂ ಕಿಕ್‌ಡೌನ್ ಮಾತ್ರ ಹೋಗುತ್ತದೆ. ಟರ್ಬೊ 400ರಲ್ಲಿ ಅದು ವೈರಿನ ಸ್ವಿಚ್ಚು. ಆದರೆ 700ಆರ್4 ಗೇರ್‌ಬಾಕ್ಸ್ ಹಾಕಿಸಿಕೊಂಡವರು ಹುಷಾರಾಗಿರಬೇಕು, ಅದರ ಕೇಬಲ್ ನನ್ನ ರಾಡಿನ ಹಾಗೇ ಒತ್ತಡವನ್ನೂ ನಡೆಸುತ್ತದೆ. ನನಗೆ ಸಲಹೆ ಕೊಟ್ಟವರು ಬಹುಶಃ ಸಿ4 ಓಡಿಸಿದ್ದವರು.

ನನ್ನ ಮುಂದೆ ಎರಡು ದಾರಿ ಇತ್ತು. ಹಳೇ ರಾಡನ್ನೇ ಕೊಯ್ದು ಬೆಸುಗೆ ಹಾಕಿಸುವುದು ಒಂದು. ರಾಡ್ ಬಿಸಿಗೆ ಕರಗಲ್ಲ, ಸವೆಯುವುದೂ ಕಡಿಮೆ. ಕಾರ್ಬ್ಯುರೇಟರ್ ಮೊದಲಿನದೇ ಇದ್ದಿದ್ದರೆ ಕಣ್ಣು ಮುಚ್ಚಿಕೊಂಡು ಅದನ್ನೇ ಹಾಕುತ್ತಿದ್ದೆ. ಆದರೆ ಈಗ ಕಾರ್ಬ್ಯುರೇಟರ್ ಎತ್ತರಕ್ಕೆ ಹೋಗಿದೆ, ರಾಡ್ ಹಾಯಬೇಕಾದ ಜಾಗದಲ್ಲಿ ಎಕ್ಸಾಸ್ಟ್ ಹೆಡರ್ (ಹೊಗೆ ಹೊರಹೋಗುವ ಬಿಸಿ ಕೊಳವೆ) ಕೂತಿದೆ. ಹಾಗಾಗಿ ಎರಡನೇ ದಾರಿ, ರಾಡಿನ ಕೆಲಸವನ್ನೇ ಮಾಡುವ ಕೇಬಲ್ ಆರಿಸಿದೆ. ಹೊರಕವಚ ಸ್ಟೀಲ್ ಹೆಣಿಗೆಯದ್ದು. ಅದನ್ನು ಫೈರ್‌ವಾಲ್ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಪಕ್ಕದಿಂದ ದೊಡ್ಡ ಬಳಸಿನಲ್ಲಿ ಇಳಿಸಿದೆ. ಹೆಡರ್‌ಗೆ ಹತ್ತಿರ ಬಿಡಲಿಲ್ಲ.

ಕೇಬಲ್‌ಗಿಂತ ಮುಖ್ಯವಾದದ್ದು ಅದನ್ನು ಸಿಕ್ಕಿಸುವ ತುದಿ. ಎಡೆಲ್‌ಬ್ರಾಕ್‌ನ ಲಿವರ್‌ನಲ್ಲಿರುವ ತೂತು ಕ್ರೈಸ್ಲರ್‌ನ ಅಳತೆಗೆ ಸರಿಯಿಲ್ಲ. ತೂತು ಒಳಗಾದರೆ ಕೇಬಲ್ ಕಡಿಮೆ ಎಳೆಯುತ್ತದೆ, ಹೊರಗಾದರೆ ಜಾಸ್ತಿ. ಇದಕ್ಕೆಂದೇ ಒಂದು ಸಣ್ಣ ಅಡಾಪ್ಟರ್ ತಟ್ಟೆ ಸಿಗುತ್ತದೆ. ಅದಿಲ್ಲದೆ ಎಷ್ಟು ದುಬಾರಿ ಕೇಬಲ್ ತಂದರೂ ಪ್ರಯೋಜನವಿಲ್ಲ.

ಹೊಂದಿಸಿದ್ದು ಎಂಜಿನ್ ಆಫ್ ಮಾಡಿ. ನನ್ನ ಹೆಂಡತಿ ಸೀಟಿನಲ್ಲಿ ಕೂತು ಪೆಡಲ್ ತುಳಿದಳು. ನಾನು ಸ್ಟ್ಯಾಂಡ್ ಕೊಟ್ಟ ಗಾಡಿಯ ಕೆಳಗೆ ಟಾರ್ಚ್ ಹಿಡಿದು, ಗೇರ್‌ಬಾಕ್ಸ್ ಪಕ್ಕದ ಲಿವರ್ ಮೇಲೆ ಬೆರಳಿಟ್ಟುಕೊಂಡು ಮಲಗಿದ್ದೆ. ಪೆಡಲ್ ಪೂರ್ತಿ ಒತ್ತಿದಾಗ ಲಿವರ್ ಹಿಂದಿನ ತಡೆಗೆ ಮುಟ್ಟಬೇಕು, ಕಾರ್ಬ್ಯುರೇಟರ್‌ನ ತಟ್ಟೆಗಳೂ ಅಷ್ಟರಲ್ಲಿ ನೆಟ್ಟಗೆ ತೆರೆದಿರಬೇಕು. ಮೊದಲ ಸಲ ಬೆರಳಿಂದ ತಳ್ಳಿದರೆ ಲಿವರ್ ಇನ್ನೂ ಅಷ್ಟು ದೂರ ಹೋಗುತ್ತಿತ್ತು. ಕೇಬಲ್ ಸ್ವಲ್ಪ ಬಿಗಿ ಮಾಡಿದೆ. "ಇನ್ನೊಂದ್ಸಲ ಒತ್ತು" ಅಂದೆ. ಐದನೇ ಸಲಕ್ಕೆ ಸರಿಯಾಯಿತು. ಪೆಡಲ್ ಬಿಟ್ಟಾಗ ಲಿವರ್ ಪೂರ್ತಿ ಮುಂದಕ್ಕೆ ಬರುವಂತೆ ರಿಟರ್ನ್ ಸ್ಪ್ರಿಂಗನ್ನೂ ಹಾಕಿದೆ.

ರಸ್ತೆಗಿಳಿದ ಮೇಲೂ ಸ್ವಲ್ಪ ಸ್ವಲ್ಪವೇ ತಿದ್ದಿದೆ. ಬಿಗಿ ಜಾಸ್ತಿಯಾದರೆ ಗೇರ್ ತಡವಾಗಿ, ಧಡ್ ಅಂತ ಬೀಳುತ್ತದೆ. ಈಗ ಹಗುರವಾಗಿ ತುಳಿದರೆ ಬೀಳುವುದೇ ಗೊತ್ತಾಗಲ್ಲ. 40 ಮೈಲಿಯಲ್ಲಿ ಪೂರ್ತಿ ಒತ್ತಿದರೆ ತಕ್ಷಣ ಎರಡಕ್ಕೆ ಇಳಿದು ಎಳೆಯುತ್ತದೆ. ಕಾರ್ಬ್ಯುರೇಟರ್‌ನ ಐಡಲ್ ಸ್ಕ್ರೂ ತಿರುಗಿಸಿದಾಗಲೆಲ್ಲ ಕೇಬಲ್ಲನ್ನೂ ಒಮ್ಮೆ ನೋಡುತ್ತೇನೆ. ಆ ಲಿವರ್ ಒಂಚೂರು ಸರಿದರೂ ಇದೂ ಸರಿಯುತ್ತದೆ, ಅಲ್ವಾ?