ಮೆಡಿಕೇರ್‌ನಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್: ಪೂರ್ತಿ ಬಿಲ್ ತಲೆಗೆ ಬೀಳದ ಹಾಗೆ

ಅಮೆರಿಕದಲ್ಲಿ ಮಕ್ಕಳ ಜೊತೆ ನೆಲೆಸಿ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಕಾರ್ಡ್ ಪಡೆದಿರುವ ಹಿರಿಯರಿಗೆ 2020ರ ಜನವರಿ 21ರಿಂದ ಒಂದು ಅನುಕೂಲವಿದೆ. ಹಳೆಯ ಸೊಂಟನೋವಿಗೆ ಅಕ್ಯುಪಂಕ್ಚರ್ (ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ) ಮಾಡಿಸಿಕೊಂಡರೆ, ಡಾಕ್ಟರ ಭೇಟಿಯಂಥ ಹೊರರೋಗಿ ಖರ್ಚು ನೋಡಿಕೊಳ್ಳುವ ಮೆಡಿಕೇರ್‌ನ ಪಾರ್ಟ್ ಬಿ ಹಣ ಕೊಡುತ್ತದೆ. ಮಂಡಿ, ಕುತ್ತಿಗೆ, ಅರೆತಲೆನೋವಿಗೆ ಕೊಡುವುದಿಲ್ಲ.

ನೋವು ಶುರುವಾಗಿ 12 ವಾರ ಆಗಿರಬೇಕು. ಕ್ಯಾನ್ಸರ್, ಸೋಂಕು, ಉರಿಯೂತದ ಕಾಯಿಲೆ ಅಥವಾ ಆಪರೇಷನ್‌ನಿಂದ ಬಂದದ್ದಾಗಿರಬಾರದು. ಹಾಗಾಗಿ ಮೊದಲು ಫ್ಯಾಮಿಲಿ ಡಾಕ್ಟರಿಗೆ ತೋರಿಸಿ, ನೋವು ಯಾವ ತಿಂಗಳು ಶುರುವಾಯಿತೆಂದು ದಾಖಲೆಯಲ್ಲಿ ಬರೆಸಿ. ಕಾಲಿನ ಶಕ್ತಿ ಕುಂದುತ್ತಿದ್ದರೆ, ಮೂತ್ರದ ಮೇಲೆ ಹಿಡಿತ ತಪ್ಪಿದ್ದರೆ ಸೂಜಿಯ ಮಾತೇ ಬೇಡ. ನೇರ ಎಮರ್ಜೆನ್ಸಿಗೆ ಹೋಗಿ.

ಜನ ಎಡವುವುದು ಬಿಲ್ಲಿನಲ್ಲಿ. ಮನೆ ಹತ್ತಿರದ ಅಕ್ಯುಪಂಕ್ಚರ್ ತಜ್ಞರು ಎಷ್ಟೇ ನುರಿತವರಾಗಿರಲಿ, ಲೈಸೆನ್ಸ್ ಇರಲಿ, ಅವರು ತಾವೇ ಮೆಡಿಕೇರ್‌ಗೆ ಬಿಲ್ ಕಳಿಸುವಂತಿಲ್ಲ. ವೈದ್ಯರ, ಇಲ್ಲವೇ ಅವರಂತೆ ರೋಗಿಗಳನ್ನು ನೋಡಿ ಚಿಕಿತ್ಸೆ ಕೊಡುವ ನರ್ಸ್ ಪ್ರಾಕ್ಟೀಷನರ್ ಅಥವಾ ಫಿಸಿಷಿಯನ್ ಅಸಿಸ್ಟೆಂಟ್‌ರ ಮೇಲ್ವಿಚಾರಣೆಯಲ್ಲಿ ಸೂಜಿ ಹಾಕಿರಬೇಕು, ಬಿಲ್ ಅವರ ಕಡೆಯಿಂದ ಹೋಗಬೇಕು. ಇಂಥ ಏರ್ಪಾಡು ಆಸ್ಪತ್ರೆಗಳ ಇಂಟಿಗ್ರೇಟಿವ್ ವಿಭಾಗಗಳಲ್ಲಿ (ಮಾಮೂಲಿ ಚಿಕಿತ್ಸೆಯ ಜೊತೆ ಇಂಥವನ್ನೂ ಕೊಡುವ ಕಡೆ), ನೋವಿನ ಕ್ಲಿನಿಕ್‌ಗಳಲ್ಲಿ ಸಿಗುವ ಸಂಭವ ಹೆಚ್ಚು. ಅಪಾಯಿಂಟ್‌ಮೆಂಟ್‌ಗೆ ಮುಂಚೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: "ಯಾರ ಹೆಸರಲ್ಲಿ ಬಿಲ್ ಮಾಡುತ್ತೀರಿ? ಅವರು ಮೆಡಿಕೇರ್ ನಿಗದಿ ಮಾಡಿದ ದರವನ್ನೇ ಒಪ್ಪುತ್ತಾರೆಯೇ?" ತಡವರಿಸಿದರೆ ಬೇರೆ ಕಡೆ ನೋಡಿ. ಎಲ್ಲ ಸರಿಯಿದ್ದರೆ, ವರ್ಷದ ಡಿಡಕ್ಟಿಬಲ್ (ವಿಮೆ ಹಣ ಕೊಡಲು ಶುರು ಮಾಡುವ ಮುಂಚೆ ನೀವೇ ಕಟ್ಟುವ ಮೊತ್ತ) ಮುಗಿದ ಮೇಲೆ ನಿಮ್ಮ ಪಾಲು ಶೇ. 20. ಕಪ್ಪಿಂಗ್ (ಚರ್ಮಕ್ಕೆ ಬಟ್ಟಲು ಅಂಟಿಸಿ ಸೆಳೆಯುವ ಚಿಕಿತ್ಸೆ), ಗಿಡಮೂಲಿಕೆ ಸೇರಿಸಿದರೆ ಆ ಹಣ ಪೂರ್ತಿ ನಿಮ್ಮದೇ. ಖಾಸಗಿ ಕಂಪನಿ ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಇದ್ದವರು ನೆಟ್‌ವರ್ಕ್ (ಕಂಪನಿಯ ಪಟ್ಟಿಯಲ್ಲಿರುವ ಡಾಕ್ಟರುಗಳು), ಮುಂಗಡ ಅನುಮತಿ ಎರಡರ ಬಗ್ಗೆಯೂ ಆ ಕಂಪನಿಯನ್ನೇ ಕೇಳಬೇಕು.

90 ದಿನದಲ್ಲಿ 12 ಸಲ ಮಾಡಿಸಿಕೊಳ್ಳಬಹುದು. ವಾರಕ್ಕೊಂದರಂತೆ ಹೋದರೂ ಇದಕ್ಕೆ ಬಿಡುವು ಹೆಚ್ಚಿಲ್ಲ, ಆದ್ದರಿಂದ ದಿನಗಳನ್ನು ಮೊದಲೇ ಕಾಯ್ದಿರಿಸಿ. ಗುಣ ಕಂಡರೆ ಇನ್ನೂ 8. ವರ್ಷಕ್ಕೆ ಒಟ್ಟು 20 ಮೀರುವಂತಿಲ್ಲ. ಈ ವರ್ಷದ ಲೆಕ್ಕ ಮೊದಲ ಸಲ ಹೋದ ತಿಂಗಳಿಂದ: ಜೂನ್ 10ಕ್ಕೆ ಶುರು ಮಾಡಿದವರಿಗೆ ಹೊಸ ಲೆಕ್ಕ ಮುಂದಿನ ವರ್ಷದ ಜೂನ್ 1ರಿಂದ.

ಆ 8 ಸಿಗಬೇಕಾದರೆ ಗುಣ ಕಂಡದ್ದು ದಾಖಲೆಯಲ್ಲಿರಬೇಕು. "ಪರವಾಗಿಲ್ಲ, ಸ್ವಲ್ಪ ವಾಸಿ" ಎಂದರೆ ಸಾಲದು. ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಡಿ: ನೋವು ಹತ್ತಕ್ಕೆ ಎಷ್ಟು, ಒಲೆ ಮುಂದೆ ಎಷ್ಟು ನಿಮಿಷ ನಿಲ್ಲಲಾಯಿತು, ರಾತ್ರಿ ಎಷ್ಟು ಸಲ ಎಚ್ಚರವಾಯಿತು. ಪ್ರತಿ ಸಲವೂ ತೋರಿಸಿ, ಬರೆಸಿ.

ಏಕಾದಶಿ ಉಪವಾಸದ ದಿನ ಹೋಗಬೇಡಿ, ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತಿ ಬೀಳುವ ಸಾಧ್ಯತೆ ಹೆಚ್ಚು. ಒಂದೆರಡು ಇಡ್ಲಿಯಾದರೂ ತಿಂದಿರಲಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮುಂಚೆಯೇ ಹೇಳಿ. ಪೇಸ್‌ಮೇಕರ್ ಇದ್ದವರು ಸೂಜಿಗೆ ಕರೆಂಟ್ ಕೊಡುವ ವಿಧಾನಕ್ಕೆ ಒಪ್ಪಬಾರದು. ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು. ಹಾಕುವಾಗ ಎಷ್ಟೆಂದು ಕೇಳಿಕೊಳ್ಳಿ, ತೆಗೆಯುವಾಗ ಅಷ್ಟೂ ಬಂದವೇ ಎಂದು ಎಣಿಸಿಸಿ. ಬೆನ್ನ ಹಿಂದೆ ಒಂದು ಉಳಿದರೆ ನಿಮಗೆ ಕಾಣುವುದಿಲ್ಲ.