ಮಿನುಗುವ ಕೀ ದೀಪ: ಇಸಿಎಂ ಬದಲಿಸದೆ ಸರಿಪಡಿಸಿದ ನನ್ನ ಅನುಭವ

ಎರಡು ವರ್ಷದ ಹಿಂದಿನ ಆಷಾಢದಲ್ಲಿ ಹೊಸನಗರದ ಅಡಿಕೆ ಬೆಳೆಗಾರರೊಬ್ಬರ ಕಾರನ್ನು ಶಿವಮೊಗ್ಗದ ನನ್ನ ಗ್ಯಾರೇಜಿಗೆ ಎಳೆದು ತಂದರು. ಕೀ ಆನ್ ಮಾಡಿದೊಡನೆ ಇಮ್ಮೊಬಿಲೈಸರಿನ (ಸರಿಯಾದ ಕೀ ಗುರುತಿಸದಿದ್ದರೆ ಎಂಜಿನ್ ಓಡಲು ಬಿಡದ ಕಳ್ಳತನ ತಡೆ ವ್ಯವಸ್ಥೆ) ಕೆಂಪು ದೀಪ ಪಟಪಟನೆ ಮಿನುಗುತ್ತಿತ್ತು. ಎಂಜಿನ್ ಎರಡು ಸೆಕೆಂಡು ಓಡಿ ನಿಲ್ಲುತ್ತಿತ್ತು. ಇಸಿಎಂ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಹೋಗಿದೆಯೆಂದು ಬೇರೆ ಎರಡು ಗ್ಯಾರೇಜುಗಳಲ್ಲಿ ಮೂವತ್ತು ಸಾವಿರದ ಆಸುಪಾಸಿನ ಲೆಕ್ಕ ಕೊಟ್ಟಿದ್ದರು. ಹಾಗಿದ್ದರೆ ಮಧ್ಯಾಹ್ನ ಬಿಸಿಲು ಬಿದ್ದಾಗ ಅದೇ ಕಾರು ತಾನಾಗಿ ಸ್ಟಾರ್ಟ್ ಆಗುವುದೇಕೆ ಎಂಬ ನನ್ನ ಪ್ರಶ್ನೆಗೆ ಯಾರಿಂದಲೂ ಉತ್ತರ ಬರಲಿಲ್ಲ.

ಮೊದಲು ನಾನೂ ಎಡವಿದೆ. ಬ್ಯಾಟರಿ ಬದಲಿಸಿದೆ, ನಾಲ್ಕು ಸಾವಿರ ಹೋಯಿತು. ಹೊಸ ಕೀ ಮಾಡಿಸಿ ಪ್ರೋಗ್ರಾಂ ಹಾಕಿಸಿದ್ದಕ್ಕೆ ಸುಮಾರು 3,500 ರೂಪಾಯಿ; ಕೀ ತಲೆಯೊಳಗಿನ ಗುರುತಿನ ಚಿಪ್ಪನ್ನು ಓದುವ, ಇಗ್ನಿಷನ್ ಸುತ್ತಲಿನ ಸುರುಳಿಯನ್ನು ಗುಜರಿಯಿಂದ ತಂದದ್ದಕ್ಕೆ 900. ಹಳೆಯ ಸುರುಳಿ ಮೀಟರಿನಲ್ಲಿ ಸರಿಯಾಗಿಯೇ ತೋರಿಸಿತ್ತು, ಅದನ್ನು ನಾನು ನಂಬಬೇಕಿತ್ತು. ಕೀ ಮತ್ತು ಸುರುಳಿಯ ಹಣವನ್ನು ಮಾಲೀಕರಿಂದ ಪಡೆಯಲಿಲ್ಲ.

ಈ ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಚೆನ್ನಾಗಿರುವ ಇನ್ನೊಂದು ಕಾರಿನ ಕೀಯ ತಲೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ತಿರುಗಿಸಿದಾಗ ಅಲ್ಲಿಯೂ ದೀಪ ಇದೇ ರೀತಿ ಮಿನುಗಿತು. ಇಸಿಎಂ ಆರೋಗ್ಯವಾಗಿದ್ದರೂ ಚಿಪ್ ಓದಲಾಗದಿದ್ದರೆ ಸಾಕು, ಇದೇ ಲಕ್ಷಣ ಕಾಣಿಸುತ್ತದೆಂಬ ಧೈರ್ಯ ನನಗೆ ಬಂದದ್ದು ಅದರಿಂದ.

ಐದನೆಯ ದಿನ, ಒಣಗಿ ಚೆನ್ನಾಗಿ ಸ್ಟಾರ್ಟ್ ಆಗುತ್ತಿದ್ದ ಕಾರಿನ ಮುಂಗಾಜಿನ ಮೇಲೆ ಎರಡು ಕೊಡ ನೀರು ಸುರಿದು ಕಾದೆ. ಹತ್ತು ನಿಮಿಷದಲ್ಲಿ ದೀಪ ಮಿನುಗತೊಡಗಿತು! ವೈಪರ್ ಕೆಳಗಿನ ಜಾಲರಿ ಬಿಚ್ಚಿದರೆ ನೀರು ಹೋಗುವ ತೂತಿನಲ್ಲಿ ತರಗೆಲೆ ಕೊಳೆತು ಗೊಬ್ಬರವಾಗಿತ್ತು. ಅಲ್ಲಿ ತುಂಬಿದ ನೀರು ವೈರಿಂಗ್ ಹಿಡಿದು ಒಳಗಿಳಿದು, ಸುರುಳಿಯ ಕನೆಕ್ಟರಿಗೆ ಹಸಿರು ಕಿಲುಬು ಹಿಡಿಸಿ, ಚಾಲಕರ ಕಾಲಿನ ಪಕ್ಕದ ಮುಚ್ಚಳದ ಹಿಂದೆ ವೈರನ್ನು ಕಾರಿನ ಲೋಹದ ಮೈಗೆ ಜೋಡಿಸುವ ಅರ್ತ್ ಬೋಲ್ಟಿಗೆ ತುಕ್ಕು ತಂದಿತ್ತು. ಕೀ ಆನ್ ಇರುವಾಗ ಬ್ಯಾಟರಿ ನೆಗೆಟಿವ್ ಮತ್ತು ಆ ವೈರಿನ ತುದಿಯ ನಡುವೆ ಒಂದೂವರೆ ವೋಲ್ಟಿನಷ್ಟು ನಷ್ಟವಿತ್ತು. ಉಜ್ಜಿ ಬಿಗಿದ ಮೇಲೆ 0.1ಕ್ಕಿಂತ ಕಡಿಮೆಯಾಯಿತು. ಕನೆಕ್ಟರಿನ ಪಿನ್ನುಗಳಿಗೆ ಹಚ್ಚಿದ ಮಿಶ್ರಣವನ್ನು ಮಾತ್ರ ನಾನು ಹೇಳುವುದಿಲ್ಲ, ಅದನ್ನು ಹದಗೊಳಿಸಲು ನನಗೆ ಮೂರು ಮಳೆಗಾಲ ಬೇಕಾಯಿತು.

ಒಟ್ಟು ಕೂಲಿ 1,800 ರೂಪಾಯಿ ಪಡೆದೆ. ಆಮೇಲೆ ತೀರ್ಥಹಳ್ಳಿ, ಸಾಗರದ ಕಡೆಯಿಂದ ಬಂದ ಇಂತಹ ಆರೇಳು ಕಾರುಗಳಲ್ಲಿ ಎರಡಕ್ಕೆ ಮಾತ್ರ ಕೀ ಚಿಪ್ ನಿಜವಾಗಿ ಹಾಳಾಗಿತ್ತು, ಇಸಿಎಂ ಒಂದರಲ್ಲಿಯೂ ಹೋಗಿರಲಿಲ್ಲ. ಹೊಸನಗರದ ಆ ಕಾರಿನ ಜಾಲರಿಯನ್ನು ಪ್ರತಿ ಮುಂಗಾರಿಗೆ ಮುನ್ನ ನಾನೇ ಬಿಚ್ಚಿ ಎಲೆ ಬಾಚುತ್ತೇನೆ. ದೀಪ ಮತ್ತೆ ಮಿನುಗಿಲ್ಲ.